ಎಪ್ಪತ್ಮೂರು ತೂತಿನ ಸಿನಿಮಾ

ಇಪ್ಪತ್ತೆರಡು ವರ್ಷದಿಂದ ಒಂದೇ ಚಿತ್ರಮಂದಿರದಲ್ಲಿ ದುಡಿಯುತ್ತಿದ್ದ ಸೀಟಪ್ಪ ಅಲ್ಲಿ ಒಂದೇ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಇದನ್ನು ಕೇಳಿದವರು ಮೊದಲು ನಂಬುವುದಿಲ್ಲ, ಆಮೇಲೆ ಅಯ್ಯೋ ಪಾಪ ಅನ್ನುತ್ತಾರೆ. ಪಾಪವೇನೂ ಇಲ್ಲ. ಅವನ ಕೆಲಸ ಶುರುವಾಗುವುದೇ ಸಿನಿಮಾ ಮುಗಿದು ದೀಪ ಹತ್ತಿದ ಮೇಲೆ. ನಾನೂರ ಹನ್ನೆರಡು ಸೀಟುಗಳ ಸಾಲಿನಲ್ಲಿ ಬಗ್ಗಿಕೊಂಡು ಹೋಗಿ ಹರಿದ ಬಟ್ಟೆ ಹೊಲಿಯಬೇಕು, ಕಿತ್ತ ಜಾಗಕ್ಕೆ ಸ್ಪಂಜು ತುಂಬಬೇಕು, ಸಡಿಲಗೊಂಡ ತಿರುಪು ಬಿಗಿಯಬೇಕು, ಕೈಯಿಡುವ ಹಲಗೆಯ ಅಡಿಯಲ್ಲಿ ಯಾರೋ ಪುಣ್ಯಾತ್ಮರು ಅಂಟಿಸಿಹೋದ ಚೂಯಿಂಗ್ ಗಮ್ಮನ್ನು ಕೆರೆದು ತೆಗೆಯಬೇಕು. ಪರದೆಯ ಕಡೆಗೆ ಅವನ ಬೆನ್ನು. ಪರದೆಯೂ ಆ ಹೊತ್ತಿನಲ್ಲಿ ಬೆಳ್ಳಗೆ ಸುಮ್ಮನೆ ನಿಂತಿರುತ್ತಿತ್ತು. ಹೀಗೆ ಇಬ್ಬರೂ ಒಬ್ಬರ ತಂಟೆಗೊಬ್ಬರು ಹೋಗದೆ ಇಪ್ಪತ್ತೆರಡು ವರ್ಷ ನೆಮ್ಮದಿಯಾಗಿ ಕಳೆದಿದ್ದರು.

ಈ ನೆಮ್ಮದಿ ಕೆಟ್ಟದ್ದು ಒಂದು ಪೆನ್ನಿನಿಂದ.

ಆ ಚಿತ್ರಮಂದಿರದಲ್ಲಿ ಮೂರು ಗಂಟೆಯ ಆಟ ಮಕ್ಕಳ ಸಿನಿಮಾಕ್ಕೆ ಮೀಸಲು. ಶುಕ್ರವಾರ ಬಂದದ್ದು ಗುರುವಾರ ಗಂಟುಮೂಟೆ ಕಟ್ಟುತ್ತಿತ್ತು. ಅದೃಷ್ಟವಿದ್ದರೆ ಇನ್ನೊಂದು ವಾರ ಉಳಿಯುತ್ತಿತ್ತು. ಊರಿನ ಪತ್ರಿಕೆಯ ವಿಮರ್ಶಕ ಪ್ರತಿ ವಾರವೂ ತಪ್ಪದೆ ಬಂದು ನೋಡಿ, ಮರುದಿನ ತಪ್ಪದೆ ‘ಮಕ್ಕಳೊಂದಿಗೆ ಕೂತು ನೋಡಬಹುದಾದ ಚಿತ್ರ’ ಎಂದು ಬರೆದು ಮೂರು ನಕ್ಷತ್ರ ಕೊಡುತ್ತಿದ್ದ. ಕರಡಿ ಬಂದರೂ ಮೂರು, ಕಪ್ಪೆ ಬಂದರೂ ಮೂರು. ಒಂದು ಸೋಮವಾರ ಬೆಳಗ್ಗೆ ಅವನು ತನ್ನ ಪೆನ್ನು ಹುಡುಕಿಕೊಂಡು ಬಂದ. ಸೀಟಪ್ಪ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಜೇಬಿನಿಂದ ಪೆನ್ನು ತೆಗೆದುಕೊಟ್ಟ. ಆಮೇಲೆ ಸೂಜಿ ತೆಗೆದು, ಹೇಳಬಾರದಿದ್ದ ಮಾತೊಂದನ್ನು ಹೇಳಿದ.

“ಇಂಟರ್ವಲ್ಲಿಗೇ ಎದ್ದು ಹೋಗ್ಬಿಟ್ರಲ್ಲ ಸಾರ್.”

ವಿಮರ್ಶಕನ ಮುಖ ಇಷ್ಟೇ ಇಷ್ಟಾಯಿತು. “ನಿಮಗೆ ಯಾರು ಹೇಳಿದ್ರು?”

“ಸೀಟು ಹೇಳ್ತು. ಪೂರ್ತಿ ಕೂತಿದ್ರೆ ಪೆನ್ನು ಸಂದಿಯೊಳಗೆ ಪೂರ್ತಿ ಇಳೀತಿತ್ತು. ಇದು ಅರ್ಧಕ್ಕೇ ನಿಂತಿದೆ.”

ಇಲ್ಲಿಗೆ ನಿಲ್ಲಿಸಿದ್ದರೆ ಸೀಟಪ್ಪ ಇವತ್ತಿಗೂ ತನ್ನ ಪಾಡಿಗೆ ತಾನಿರುತ್ತಿದ್ದ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅವನ ಮಾತಿಗೆ ಬಾಯಿ ತೆರೆದು ನಿಂತವರಲ್ಲಿ ಈ ವಿಮರ್ಶಕನೇ ಮೊದಲನೆಯವನು. ಮನುಷ್ಯನಿಗೆ ಅಷ್ಟು ಸಾಕು.

“ನೀವು ಸಿನಿಮಾ ನೋಡಿ ಹೇಳ್ತೀರ, ಅದೂ ಅರ್ಧ. ನಾನು ನೋಡದೇನೇ ಹೇಳ್ತೀನಿ,” ಎಂದು ಸೀಟಪ್ಪ ಎದೆಯುಬ್ಬಿಸಿದ. “ಮಕ್ಕಳಿಗೆ ಬೇಜಾರಾಯ್ತು ಅಂದ್ರೆ ಬೆರಳು ಸುಮ್ನೆ ಕೂರಲ್ಲ. ಸೀಟಲ್ಲಿ ತೂತು ಹುಡುಕುತ್ತೆ. ತೂತಿಲ್ದಿದ್ರೆ ಮಾಡುತ್ತೆ. ಸ್ಪಂಜು ಕಿತ್ತು ಕಿತ್ತು ಉಂಡೆ ಮಾಡಿ ಮುಂದಿನವರ ತಲೆಗೆ ಹೊಡೆಯುತ್ತೆ. ಸೋಮವಾರ ನಾನು ಎಣಿಸ್ತೀನಿ. ಹತ್ತಕ್ಕಿಂತ ಕಡಿಮೆ ತೂತಿದ್ರೆ ಒಳ್ಳೇ ಸಿನಿಮಾ. ಮೂವತ್ತು ದಾಟ್ತು ಅಂದ್ರೆ ಆ ಸಿನಿಮಾ ತೆಗೆದವನನ್ನ ಕರೆದು ಅದೇ ಸೀಟಲ್ಲಿ ಕೂರಿಸ್ಬೇಕು.”

ಹೇಳಿಕೇಳಿ ಅದು ಬರೆಯಲು ವಿಷಯವಿಲ್ಲದ ವಾರ. ಭಾನುವಾರದ ಪತ್ರಿಕೆಯಲ್ಲಿ ಸೀಟಪ್ಪನ ಫೋಟೊ ಸಮೇತ ‘ಸ್ಪಂಜಿನ ತೀರ್ಪು’ ಎಂಬ ಅಂಕಣ ಶುರುವಾಯಿತು. ಚಿತ್ರಮಂದಿರದ ಮ್ಯಾನೇಜರು ಪತ್ರಿಕೆಯನ್ನು ಎರಡು ಸಲ ಓದಿದರು. ಅವರು ಮೂವತ್ತು ವರ್ಷದಿಂದ ಸಿನಿಮಾ ತೋರಿಸುತ್ತಿದ್ದರೂ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಪೋಸ್ಟರಿನ ಅಳತೆ ನೋಡಿ ಹೇಳುವವರು. ಈಗ ಅವರಿಗೆ ಒಂದು ಲೆಕ್ಕ ಸಿಕ್ಕಿತು. ಮುಂಬಾಗಿಲಲ್ಲಿ ಕಪ್ಪು ಹಲಗೆ ನೇತುಹಾಕಿಸಿ, ‘ಈ ವಾರದ ತೂತು’ ಎಂದು ದೊಡ್ಡದಾಗಿ ಬರೆಸಿ, ಕೆಳಗೆ ನಕ್ಷತ್ರ ಬಿಡಿಸಲು ಜಾಗ ಬಿಟ್ಟರು.

ಆಮೇಲೆ ನೋಡಿ, ಸೀಟಪ್ಪನ ಮನೆ ಮುಂದೆ ಜನ. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಶಾಲೆಯ ಯೂನಿಫಾರಮ್ಮು ಹೊಲಿಯುವವಳು. ಗಂಡ ಪ್ರಸಿದ್ಧನಾದದ್ದು ಅವಳಿಗೆ ತಿಳಿದದ್ದು ಪಕ್ಕದ ಮನೆಯಾಕೆ ನಾಲ್ಕು ಆಳುಗಳ ಕೈಲಿ ಒಂದು ಸೋಫಾ ಹೊರಿಸಿಕೊಂಡು ಬಾಗಿಲಿಗೆ ಬಂದಾಗ.

“ರಿಪೇರಿಗಾ?” ಎಂದು ಹೆಂಡತಿ ಕೇಳಿದಳು.

“ರಿಪೇರಿ ಬೇಡ, ಬರೀ ನೋಡಿ ಹೇಳಿದ್ರೆ ಸಾಕು,” ಎಂದು ಪಕ್ಕದ ಮನೆಯಾಕೆ ದನಿ ತಗ್ಗಿಸಿದಳು. “ನಮ್ಮ ಅಳಿಯಂದಿರು ಎಡಗಡೆ ಕೂರ್ತಾರೆ. ಪ್ರತಿ ಸಲ ಬಂದಾಗ್ಲೂ ಅತ್ತೆ, ಬಹಳ ಸಂತೋಷ ಅಂತಾರೆ. ನಿಜವಾಗ್ಲೂ ಸಂತೋಷಾನಾ ಅಂತ ನಂಗೆ ಗೊತ್ತಾಗ್ಬೇಕು.”

ಸೀಟಪ್ಪ ಟಾರ್ಚು ಹಿಡಿದು ಮೊಣಕಾಲೂರಿ ಸೋಫಾದ ಎಡಗೈಯನ್ನು ಬಹಳ ಹೊತ್ತು ಪರೀಕ್ಷಿಸಿದ. ಬಟ್ಟೆಯ ಅಂಚಿನಲ್ಲಿ ಒಂದು ದಾರ ಹದಿನಾಲ್ಕು ಸಲ ಸುತ್ತಿಕೊಂಡು ಗಂಟಾಗಿತ್ತು. ಅವನು ನಿಟ್ಟುಸಿರು ಬಿಟ್ಟ. ಪಕ್ಕದ ಮನೆಯಾಕೆ ಆ ನಿಟ್ಟುಸಿರನ್ನೇ ಕಟ್ಟಿಕೊಂಡು ಹೋಗಿ ಮಗಳಿಗೆ ಫೋನು ಹಚ್ಚಿದಳು. ಆ ಮನೆಯಲ್ಲಿ ಮೂರು ದಿನ ಯಾರಿಗೂ ಯಾರ ಜೊತೆಗೂ ಮಾತಿರಲಿಲ್ಲ. ಮಾರನೇ ದಿನ ಹಲ್ಲಿನ ಡಾಕ್ಟರು ತಮ್ಮ ಕಾಯುವ ಕೋಣೆಯ ಬೆಂಚು ಕಳಿಸಿದರು. ಅದನ್ನು ನೋಡಿದ ಸೀಟಪ್ಪ, “ಇದು ಬೇಜಾರಿನ ತೂತಲ್ಲ ಡಾಕ್ಟ್ರೇ, ಬೇರೇನೋ,” ಎಂದಷ್ಟೇ ಹೇಳಿ ಕೈತೊಳೆದುಕೊಂಡ. ಬೇರೇನು ಎಂದು ಆಗಲೇ ಒಂದು ಕ್ಷಣ ಯೋಚಿಸಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು. ಪ್ರಸಿದ್ಧಿ ಬಂದವರಿಗೆ ಯೋಚಿಸಲು ಪುರಸೊತ್ತೆಲ್ಲಿ?

“ನೀವು ಹೀಗೇ ಊರಿನ ಸೋಫಾ ಎಲ್ಲಾ ನೋಡ್ತಾ ಹೋಗಿ,” ಎಂದಳು ಹೆಂಡತಿ, ಮೆಷಿನ್ನು ನಿಲ್ಲಿಸದೆ. “ಒಂದಿನ ನಮ್ಮನೆ ಕುರ್ಚೀನೂ ನೋಡಿ. ಗೊತ್ತಾಗುತ್ತೆ.”

ಸೀಟಪ್ಪ ಆ ಕುರ್ಚಿಯ ಕಡೆ ತಲೆ ಹಾಕಲಿಲ್ಲ.

ಇದರ ನಡುವೆ ಸಿನಿಮಾಗಳಿಗೆ ವಯಸ್ಸಿನ ಚೀಟಿ ಅಂಟಿಸುವ ಕಚೇರಿಯಿಂದ ಒಬ್ಬ ಅಧಿಕಾರಿ ಫೈಲು ಹಿಡಿದು ಚಿತ್ರಮಂದಿರಕ್ಕೆ ಬಂದರು. ತೆಳ್ಳನೆಯ ಮನುಷ್ಯ, ಎರಡು ಕನ್ನಡಕ; ಒಂದು ಓದಲಿಕ್ಕೆ, ಇನ್ನೊಂದು ಸಂಶಯಪಡಲಿಕ್ಕೆ. ಎರಡನೆಯದನ್ನು ಹಾಕಿಕೊಂಡು ಸೀಟಪ್ಪನನ್ನು ನೋಡಿದರು.

“ನೀವು ರೇಟಿಂಗು ಕೊಡ್ತಿದ್ದೀರಂತೆ. ಯಾವ ನಿಯಮದ ಕೆಳಗೆ?”

“ಸೀಟಿನ ಕೆಳಗೆ ಸಾರ್.”

“ತೂತನ್ನ ಎಣಿಸ್ತೀರೋ, ಸ್ಪಂಜನ್ನ ತೂಗ್ತೀರೋ?”

“ಎಣಿಸ್ತೀನಿ. ದೊಡ್ಡ ತೂತಾದ್ರೆ ಎರಡು ಅಂತ ಹಿಡೀತೀನಿ.”

ಅಧಿಕಾರಿ ಅದನ್ನು ಬರೆದುಕೊಂಡರು. ತಮ್ಮ ಕಚೇರಿಯಲ್ಲಿ ಏಳು ಜನರ ಸಮಿತಿ ಕೂತು, ಮೂರು ತಾಸು ಚರ್ಚಿಸಿ, ಒಂದು ಚೀಟಿ ಅಂಟಿಸುತ್ತದೆ ಎಂದು ತಿಳಿಹೇಳಿದರು. ಸೀಟಪ್ಪನಿಗೆ ಕುತೂಹಲವಾಯಿತು.

“ಹಾಗಾದ್ರೆ ಆ ಚೀಟಿ ನೋಡಿದ್ರೆ ಸಿನಿಮಾ ಚೆನ್ನಾಗಿದ್ಯೋ ಇಲ್ವೋ ಗೊತ್ತಾಗುತ್ತಾ ಸಾರ್?”

“ಛೆ ಛೆ. ಯಾರು ನೋಡಬಹುದು ಅಂತ ನಾವು ಹೇಳ್ತೀವಿ. ಯಾಕೆ ನೋಡ್ಬೇಕು ಅಂತ ನಮ್ಮನ್ನ ಇಲ್ಲೀತನಕ ಯಾರೂ ಕೇಳಿಲ್ಲ.” ಅಧಿಕಾರಿ ಅದನ್ನೂ ಬರೆದುಕೊಳ್ಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಆ ಪ್ರಶ್ನೆ ಅವರಿಗೂ ಹೊಸದಿರಬೇಕು. ಆಮೇಲೆ ಫೈಲು ಮುಚ್ಚಿ, “ಮತ್ತೆ ಬರ್ತೀನಿ,” ಎಂದು ಎದ್ದರು.

ಮುಂದಿನ ವಾರ ‘ಗುಡುಗು ಕರಡಿ, ಭಾಗ ನಾಲ್ಕು’ ಬಂತು. ಸೋಮವಾರ ಬೆಳಗ್ಗೆ ಸೀಟಪ್ಪ ಸಾಲು ಸಾಲಾಗಿ ಬಗ್ಗಿ ಹೋದರೆ ಸಿಕ್ಕಿದ್ದು ಎರಡೇ ತೂತು; ಅದರಲ್ಲೂ ಒಂದು ಇಲಿಯದು. ಇಪ್ಪತ್ತೆರಡು ವರ್ಷದಲ್ಲೇ ಇಲ್ಲದ ದಾಖಲೆ. ಅವನು ಕೈಯಾರೆ ಹಲಗೆಯ ಮೇಲೆ ಐದು ನಕ್ಷತ್ರ ಬಿಡಿಸಿದ. ಹಾಲ್ ಗುಡಿಸುವ ಅಕ್ಕ ಪೊರಕೆ ಊರಿಕೊಂಡು ಅದನ್ನು ನೋಡಿದಳು. ಆಟ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಕಾಯುವುದು ಅವಳ ಕೆಲಸ, ಹಾಗಾಗಿ ಹಾಲಿನೊಳಗೆ ಏನಾಗುತ್ತದೆಂದು ಅವಳಿಗಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

“ಐದಾ?”

“ಮತ್ತೆ? ಒಂದು ಮಗೂನೂ ಬೆರಳು ಅಲ್ಲಾಡಿಸಿಲ್ಲ ಅಕ್ಕ.”

“ಹೇಗೆ ಅಲ್ಲಾಡಿಸ್ತಾವೆ? ನಿದ್ದೆ ಮಾಡ್ತಿದ್ವಲ್ಲ! ಮಕ್ಕಳೂ ಮಲಗಿದ್ವು, ಅಪ್ಪಂದಿರೂ ಮಲಗಿದ್ರು. ಕೊನೆಗೆ ನಾನೇ ಒಬ್ಬೊಬ್ಬರನ್ನ ತಟ್ಟಿ ಎಬ್ಬಿಸಿ ಮನೆಗೆ ಕಳಿಸ್ದೆ.”

“ನೆಮ್ಮದಿಯಾಗಿ ನಿದ್ದೆ ಬರಿಸೋದೇನು ಸಾಮಾನ್ಯಾನಾ?” ಎಂದು ಸೀಟಪ್ಪ ನಕ್ಷತ್ರಕ್ಕೆ ಇನ್ನೊಂದು ಸುತ್ತು ಸೀಮೆಸುಣ್ಣ ತೀಡಿದ. ಅಕ್ಕ ಪೊರಕೆ ಎತ್ತಿಕೊಂಡು ಹೋದಳು.

ಕರಡಿಯ ನಂತರ ಬಂದದ್ದು ‘ಬಕೆಟ್ಟು’. ಹೆಸರೇ ಅಷ್ಟು. ಮೊದಲು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಹೆಂಗಸೊಬ್ಬಳು ನಾಲ್ಕು ವರ್ಷ ಕಷ್ಟಪಟ್ಟು ತೆಗೆದ ಚಿತ್ರ. ಪೋಸ್ಟರು ಎಷ್ಟು ಚಿಕ್ಕದಿತ್ತೆಂದರೆ ಮ್ಯಾನೇಜರು ಅದನ್ನು ಟಿಕೆಟ್ಟಿನ ನಮೂನೆ ಅಂದುಕೊಂಡು ಮೇಜಿನ ಖಾನೆಯಲ್ಲಿಟ್ಟಿದ್ದರು. ಶನಿವಾರ ಭಾನುವಾರ ಹಾಲ್ ಅರ್ಧ ತುಂಬಿತು. ಸೋಮವಾರ ಬೆಳಗ್ಗೆ ಸೀಟಪ್ಪ ಒಳಗೆ ಹೋದವನು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

“ಎಪ್ಪತ್ಮೂರು,” ಎಂದ.

ಮ್ಯಾನೇಜರ ಕೈಯಿಂದ ಟೀ ಲೋಟ ಜಾರಿತು. “ಸೀಟಾ?”

“ತೂತು. ಅರ್ಧ ಹಾಲಿಗೇ ಎಪ್ಪತ್ಮೂರು ಸಾರ್. ತುಂಬಿದ್ರೆ ನಮ್ಮ ಕಟ್ಟಡ ನಿಲ್ತಿರ್ಲಿಲ್ಲ.”

ಹಲಗೆಯ ಮೇಲೆ ನಕ್ಷತ್ರದ ಜಾಗದಲ್ಲಿ ಸೊನ್ನೆ ಬಿತ್ತು. ಮಂಗಳವಾರ ಪತ್ರಿಕೆಯಲ್ಲಿ ‘ಬಕೆಟ್ಟಿಗೆ ಎಪ್ಪತ್ಮೂರು ತೂತು’ ಎಂದು ದಪ್ಪ ಅಕ್ಷರದಲ್ಲಿ ಬಂತು. ವಿಮರ್ಶಕ ಎಂದಿನಂತೆ ಇಂಟರ್ವಲ್ಲಿನವರೆಗೆ ನೋಡಿದ್ದ. ಅವನಿಗೇನೋ ಚಿತ್ರ ಪರವಾಗಿಲ್ಲ ಅನಿಸಿತ್ತು. ಆದರೆ ಎಪ್ಪತ್ಮೂರು ತೂತಿನ ಮುಂದೆ ಒಬ್ಬ ಮನುಷ್ಯನ ಅನಿಸಿಕೆ ಯಾವ ಲೆಕ್ಕ? ಗುರುವಾರ ಬಕೆಟ್ಟಿನ ಕೊನೆಯ ಆಟ, ಶುಕ್ರವಾರದಿಂದ ಮತ್ತೆ ಕರಡಿ, ಎಂದು ಮ್ಯಾನೇಜರು ಆಜ್ಞೆ ಹೊರಡಿಸಿದರು. ಪಕ್ಕದ ಮನೆಯಾಕೆ ತನ್ನ ಮೊಮ್ಮಕ್ಕಳನ್ನು ಆ ರಸ್ತೆಯಲ್ಲೇ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದಳು.

ಬುಧವಾರ ಬೆಳಗ್ಗೆ ಸೀಟಪ್ಪ ತನ್ನ ಕೆಲಸದ ಕೋಣೆಯಲ್ಲಿ ಸ್ಪಂಜು ಕತ್ತರಿಸುತ್ತ ಕೂತಿದ್ದಾಗ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ನಲವತ್ತರ ಆಸುಪಾಸು, ಬೆರಳ ತುದಿಯಲ್ಲಿ ಬಣ್ಣದ ಕಲೆ. ಬಕೆಟ್ಟು ತೆಗೆದವಳು ತಾನೇ ಎಂದಳು. ಸೀಟಪ್ಪ ಕತ್ತರಿಯನ್ನು ಮೆಲ್ಲಗೆ ದೂರ ಸರಿಸಿಟ್ಟ.

ಅವಳು ಕೂಗಾಡಲಿಲ್ಲ. “ಇಲ್ಲಿಂದ ತೆಗೆದ್ರೆ ನನ್ನ ಸಿನಿಮಾ ಬೇರೆ ಎಲ್ಲೂ ಹಾಕಲ್ಲ,” ಎಂದಳು. “ಪೆಟ್ಟಿಗೆ ಸೇರುತ್ತೆ. ಮಕ್ಕಳಿಗೆ ಬೇಜಾರಾಗಿದ್ರೆ ಸೇರಲಿ, ನಂಗೇನೂ ತಕರಾರಿಲ್ಲ. ಆದ್ರೆ ಎಲ್ಲಿ ಬೇಜಾರಾಯ್ತು ಅಂತ ತಿಳ್ಕೊಳ್ಳೋ ಆಸೆ. ಆ ತೂತು ಎಲ್ಲೆಲ್ಲಿವೆ, ನಂಗೆ ತೋರಿಸ್ತೀರಾ?”

ಹೀಗೆ ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಎಷ್ಟು ಎಂಬುದಷ್ಟೇ ಬೇಕಿತ್ತು, ಎಲ್ಲಿ ಎಂಬುದು ಯಾರಿಗೂ ಬೇಕಿರಲಿಲ್ಲ. ಸೀಟಪ್ಪ ಟಾರ್ಚು ತೆಗೆದುಕೊಂಡು ಅವಳನ್ನು ಹಾಲಿಗೆ ಕರೆದುಕೊಂಡು ಹೋದ. ಮೂವತ್ತು ತೂತು ಹೊಲಿದಾಗಿತ್ತು, ಉಳಿದವು ಹಾಗೇ ಇದ್ದವು. ಆರನೇ ಸಾಲಿನ ಒಂದು ಸೀಟಿನ ಮುಂದೆ ಇಬ್ಬರೂ ಮೊಣಕಾಲೂರಿ ಕೂತರು.

“ಇದು ಮುಂದಿನ ಅಂಚು,” ಎಂದಳು ಅವಳು. “ಬೇಜಾರಾದ ಮಕ್ಕಳು ಇಲ್ಲೇ ಕೀಳ್ತಾರಾ?”

“ಇಲ್ಲ. ಅವು ಪಕ್ಕದಲ್ಲಿ, ಕೈಯಿಡೋ ಕಡೆ...” ಸೀಟಪ್ಪ ಟಾರ್ಚು ತಿರುಗಿಸಿದ. ಪಕ್ಕದ ಸೀಟು ನೋಡಿದ. ಅದರಲ್ಲೂ ಮುಂದಿನ ಅಂಚು. ಅದರ ಪಕ್ಕದ್ದು ನೋಡಿದ. ಅದೂ ಅಷ್ಟೇ. ಬೇಜಾರಿನ ತೂತು ಒಂದು ಬೆರಳಿನ ಕೆಲಸ. ಸಣ್ಣದಾಗಿ ಕೆರೆದು ಕೆರೆದು ಮಾಡಿದ್ದು. ಇಲ್ಲಿ ಎಡಕ್ಕೊಂದು ಬಲಕ್ಕೊಂದು, ಒಂದೊಂದರಲ್ಲೂ ನಾಲ್ಕು ಉಗುರಿನ ಗುರುತು. ನೆಲದ ಮೇಲೆ ಒಂದೇ ಒಂದು ಸ್ಪಂಜಿನ ಉಂಡೆ ಇರಲಿಲ್ಲ. ಇದನ್ನೆಲ್ಲ ಅವನು ಸೋಮವಾರವೇ ನೋಡಿದ್ದ. ಎಣಿಸುವ ಗಡಿಬಿಡಿಯಲ್ಲಿ ನೋಡಿದ್ದು ಕಂಡಿರಲಿಲ್ಲ.

“ಎರಡೂ ಕೈಯಲ್ಲಿ ಹಿಡ್ಕೊಂಡಿದಾವೆ,” ಎಂದ ಸೀಟಪ್ಪ ಮೆಲ್ಲಗೆ. “ಹಲ್ಲಿನ ಡಾಕ್ಟ್ರ ಬೆಂಚಲ್ಲೂ ಹೀಗೇ ಇತ್ತು. ಅಂಥದ್ದೇನಮ್ಮಾ ತೋರಿಸ್ತೀರ ಮಕ್ಕಳಿಗೆ? ದೆವ್ವಾನಾ?”

“ಬಕೆಟ್ಟು.”

“ಬಕೆಟ್ಟಲ್ಲಿ ಏನಿದೆ?”

“ಏನೂ ಇಲ್ಲ. ಖಾಲಿ ಬಕೆಟ್ಟು. ಬಾವಿಗೆ ಬಿದ್ದಿದೆ.”

ಸೀಟಪ್ಪನ ತಲೆ ಕೆಟ್ಟುಹೋಯಿತು. ಖಾಲಿ ಬಕೆಟ್ಟಿಗೆ ಮಕ್ಕಳು ಸೀಟು ಕೀಳುತ್ತಾರೆಂದರೆ ನಂಬುವುದು ಹೇಗೆ? ಅವಳು, “ನಾಳೆ ಕೊನೇ ಆಟ. ನೀವೇ ಒಂದ್ಸಲ ಕೂತು ನೋಡಿ,” ಎಂದಳು. ಸೀಟಪ್ಪ ಹಾವು ತುಳಿದವನಂತೆ ಹಿಂದೆ ಸರಿದ. ಸಿನಿಮಾ ನೋಡದೆ ಹೇಳುವುದೇ ಅವನ ಹೆಗ್ಗಳಿಕೆ. ನೋಡಿಬಿಟ್ಟರೆ ಅವನಿಗೂ ವಿಮರ್ಶಕನಿಗೂ ಏನು ವ್ಯತ್ಯಾಸ ಉಳಿಯಿತು? ಯೋಚಿಸಿ ಹೇಳುತ್ತೇನೆಂದು ಮನೆಗೆ ಓಡಿದ.

ಹೆಂಡತಿ ಎಲ್ಲ ಕೇಳಿದಳು. ಮೆಷಿನ್ನು ನಿಲ್ಲಿಸಿದಳು. ಮದುವೆಯಾದಾಗಿನಿಂದ ಅವಳು ಗಂಡನ ಮಾತಿಗೆ ಮೆಷಿನ್ನು ನಿಲ್ಲಿಸಿದ್ದು ಅದೇ ಮೊದಲು.

“ಆಮೇಲೆ ಆ ಬಕೆಟ್ಟು ಮೇಲೆ ಬಂತಾ?”

“ನಂಗೇನು ಗೊತ್ತು?”

“ಕೇಳ್ಲಿಲ್ವಾ ನೀವು? ನಾಲ್ಕು ವರ್ಷ ಕಷ್ಟಪಟ್ಟವಳು ಬಂದು ಎದುರಿಗೆ ನಿಂತ್ರೆ, ಸೀಟು ತೋರಿಸಿ ಕಳಿಸಿದ್ರಾ? ನಾಳೆ ಹೋಗ್ತೀರ. ನಾನೂ ಬರ್ತೀನಿ.”

‘ಸೀಟಪ್ಪ ಸಿನಿಮಾ ನೋಡ್ತಾನಂತೆ’ ಎಂಬ ಸುದ್ದಿ ಗುರುವಾರ ಬೆಳಗಾಗುವಷ್ಟರಲ್ಲಿ ಊರು ಸುತ್ತಿ ಬಂದಿತ್ತು. ವಿಮರ್ಶಕ ಹೊಸ ಪೆನ್ನು ತಂದ. ನೋಡಿ ಕೊಟ್ಟ ರೇಟಿಂಗಿಗೆ ಬೇರೆ ನಮೂನೆ ತುಂಬಬೇಕಾಗುತ್ತದೆ ಎಂದು ಹೇಳಲು ಅಧಿಕಾರಿ ಫೈಲಿನೊಂದಿಗೆ ಬಂದರು. ಮ್ಯಾನೇಜರು ಕರಡಿಯ ಪೋಸ್ಟರು ಸುರುಳಿ ಸುತ್ತಿಟ್ಟುಕೊಂಡು ಬಾಗಿಲಲ್ಲೇ ಕುರ್ಚಿ ಹಾಕಿ ಕೂತರು. ಆಟ ಮುಗಿದ ಕೂಡಲೇ ಅದನ್ನು ಅಂಟಿಸುವುದೆಂದು ಅವರ ನಿರ್ಧಾರ. ಮೂವರಲ್ಲಿ ಒಬ್ಬರಿಗೂ ಒಳಗೆ ಹೋಗಿ ಕೂರಬಹುದೆಂದು ಹೊಳೆಯಲಿಲ್ಲ.

ಸೀಟಪ್ಪ ಒಂದು ಉಪಾಯ ಮಾಡಿಕೊಂಡಿದ್ದ. ಕೂರುವುದು ಹೌದು, ಆದರೆ ಪರದೆ ನೋಡುವುದಲ್ಲ, ಮಕ್ಕಳ ಕೈ ನೋಡುವುದು. ಆರನೇ ಸಾಲಿನಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ ಮತ್ತು ಹೆಂಡತಿಯ ನಡುವೆ ಕೂತ. ದೀಪ ಆರಿತು. ಇಪ್ಪತ್ತೆರಡು ವರ್ಷ ಆ ಹಾಲಿನಲ್ಲಿದ್ದವನಿಗೆ ಅದರ ಕತ್ತಲೆ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಅವನು ಕುತ್ತಿಗೆ ಬಗ್ಗಿಸಿ ಹುಡುಗಿಯ ಬೆರಳುಗಳನ್ನೇ ನೋಡುತ್ತ ಕೂತ. ಬೆರಳು ಪಾಪ್‌ಕಾರ್ನಿನಲ್ಲಿತ್ತು. ಹತ್ತು ನಿಮಿಷವಾದ ಮೇಲೆ ಪಾಪ್‌ಕಾರ್ನಿಗೆ ಹೋದ ಕೈ ಅಲ್ಲೇ ನಿಂತಿತು. ಆಮೇಲೆ ಎರಡೂ ಕೈ ಮೆಲ್ಲಗೆ ಇಳಿದು ಸೀಟಿನ ಮುಂದಿನ ಅಂಚು ಹಿಡಿದವು. ಏನಾಯಿತಪ್ಪಾ ಎಂದು ಸೀಟಪ್ಪ ಒಂದೇ ಒಂದು ಕ್ಷಣ ತಲೆಯೆತ್ತಿದ.

ಆ ತಲೆ ಮತ್ತೆ ಕೆಳಗೆ ಬರಲಿಲ್ಲ.

ಇಂಟರ್ವಲ್ಲಿನಲ್ಲಿ ಅವನು ಏಳಲಿಲ್ಲ. ಎರಡನೇ ಅರ್ಧದಲ್ಲಿ ಒಮ್ಮೆ ಇಡೀ ಹಾಲ್ ಉಸಿರು ಬಿಗಿಹಿಡಿದಾಗ, “ನಿಧಾನ, ನಿಧಾನ, ಎಳೀಬೇಡ್ರೋ!” ಎಂದು ಒಂದು ಗಂಡು ದನಿ ಕೂಗಿದ್ದು ಹೊರಗೆ ಕೂತ ಮ್ಯಾನೇಜರಿಗೂ ಕೇಳಿಸಿತು. ದೀಪ ಹತ್ತಿದಾಗ ಮಕ್ಕಳೆಲ್ಲ ಗದ್ದಲ ಮಾಡುತ್ತ ಹೊರಟರು. ಸೀಟಪ್ಪ ಏಳಲು ಹೋದ; ಕೈ ಬರಲಿಲ್ಲ. ಕೆಳಗೆ ನೋಡಿದರೆ ಎರಡೂ ಮುಷ್ಟಿಯ ತುಂಬ ಸ್ಪಂಜು.

ಬಾಗಿಲಲ್ಲಿ ಮೂವರೂ ಅವನನ್ನು ಸುತ್ತಿಕೊಂಡರು. ಬಕೆಟ್ಟು ತೆಗೆದವಳು ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು.

“ಎಷ್ಟಾಯ್ತು?” ಎಂದರು ಮ್ಯಾನೇಜರು.

“ಎಪ್ಪತ್ತೈದು,” ಎಂದ ಸೀಟಪ್ಪ. “ಕೊನೇವೆರಡು ನನ್ನವು.”

ಮ್ಯಾನೇಜರಿಗೆ ಅರ್ಥವಾಗಲಿಲ್ಲ. “ನಿಮಗೂ ಬೇಜಾರಾಯ್ತು ಅಂತಾಯ್ತು. ಸರಿ, ಕರಡಿ ಅಂಟಿಸ್ತೀನಿ.”

“ನನ್ನ ಲೆಕ್ಕ ತಪ್ಪು ಸಾರ್. ಮೊದಲಿಂದ್ಲೂ ತಪ್ಪು. ಕರಡೀಲಿ ಮಕ್ಕಳು ಮಲಗಿದ್ವು, ಅದಕ್ಕೇ ತೂತಿರ್ಲಿಲ್ಲ. ನಾನು ಐದು ನಕ್ಷತ್ರ ಕೊಟ್ಟಿದ್ದು ನಿದ್ದೆಗೆ.” ಸೀಟಪ್ಪನ ಕಿವಿ ಕೆಂಪಾಗಿತ್ತು. ಊರ ಮುಂದೆ ತಪ್ಪಾಯಿತು ಎನ್ನುವುದು ಅವನಿಗೆ ಸುಲಭವಿರಲಿಲ್ಲ, ನಾಚಿಕೆಯಾಗುತ್ತಿತ್ತು. ಆದರೂ ಕಂಬದ ಕಡೆ ತಿರುಗಿ, “ತಪ್ಪಾಯ್ತಮ್ಮ,” ಎಂದ.

“ಹಾಗಾದ್ರೆ ಇನ್ಮೇಲೆ ಜಾಸ್ತಿ ತೂತಿದ್ರೆ ಜಾಸ್ತಿ ನಕ್ಷತ್ರ ಅಂತ ಬರೀಲಾ?” ಎಂದು ವಿಮರ್ಶಕ ಪೆನ್ನು ತೆರೆದ.

“ಬೇಡಪ್ಪಾ! ನಾಳೆ ಇನ್ಯಾರೋ ಬ್ಲೇಡು ಹಂಚ್ತಾರೆ.”

“ತಿದ್ದುಪಡಿಗೆ ಅರ್ಜಿ ಹಾಕ್ಬೇಕಾಗುತ್ತೆ,” ಎಂದರು ಅಧಿಕಾರಿ. “ಲೆಕ್ಕ ತಪ್ಪಿದ್ರೂ ಹಲಗೇಲಿ ಬರೆದಿದ್ದು ಬರೆದಿದ್ದೇ.”

“ಅಷ್ಟೇ,” ಎಂದರು ಮ್ಯಾನೇಜರು. “ಈಗ ನಂಗೆ ಹೊಸ ಲೆಕ್ಕ ಹೇಳಿ, ಇಲ್ಲಾಂದ್ರೆ ಕರಡಿ. ಅಲ್ಲಾ, ಒಂದು ಖಾಲಿ ಬಕೆಟ್ಟಲ್ಲಿ ನೋಡೋದೇನ್ರೀ ಇದೆ?”

ಸೀಟಪ್ಪನಿಗೆ ಹೊಸ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತಾನು ಈಗಷ್ಟೇ ನೋಡಿದ್ದು ಮಾತ್ರ. ಅದನ್ನೇ ಹೇಳತೊಡಗಿದ.

“ಅಕ್ಕ ತಮ್ಮ ಇಬ್ಬರೇ ಇರ್ತಾರೆ ಸಾರ್ ಮನೇಲಿ. ಅಮ್ಮ ಕೆಲಸಕ್ಕೆ ಹೋಗಿದಾಳೆ. ಬಾವಿ ಹತ್ರ ಹೋಗ್ಬೇಡಿ ಅಂತ ಹೇಳಿ ಹೋಗಿದಾಳೆ. ಇವು ಹೋಗ್ತಾವೆ. ಬಕೆಟ್ಟು ಬೀಳುತ್ತೆ. ಅದು ಇವರದ್ದಾದ್ರೂ ಆಗಿದ್ರೆ ಹೋಗ್ಲಿ ಅನ್ಬೋದಿತ್ತು, ಪಕ್ಕದ ಮನೇದು, ಬೆಳಗ್ಗೆ ಕೇಳಿ ತಂದಿದ್ದು. ಆ ಪಕ್ಕದ ಮನೆಯವಳು ಎಂಥವಳು ಅಂದ್ರೆ, ಈ ಅಮ್ಮನ ಜೊತೆ ಆರು ವರ್ಷ ಮಾತು ಬಿಟ್ಟು, ಅವತ್ತೇ ಮೊದಲು ಮಾತಾಡಿಸಿ ಬಕೆಟ್ಟು ಕೊಟ್ಟಿರ್ತಾಳೆ.”

“ಅಯ್ಯೋ,” ಎಂದರು ಅಧಿಕಾರಿ.

“ಐದು ಗಂಟೆಗೆ ಅಮ್ಮ ಬರ್ತಾಳೆ. ಮೊದಲು ಹಗ್ಗಕ್ಕೆ ಛತ್ರೀ ಕಟ್ಟಿ ಬಾವಿಗೆ ಬಿಡ್ತಾರೆ. ಛತ್ರೀನೂ ಬೀಳುತ್ತೆ. ಆಮೇಲೆ ಕಿಟಕಿ ಕೊಕ್ಕೆ ಕಿತ್ತು ಕಟ್ತಾರೆ. ಆ ಕೊಕ್ಕೆ ಹೋಗಿ ಬಕೆಟ್ಟಿನ ಹಿಡಿಗೆ ಇಷ್ಟೇ ಇಷ್ಟು ತಾಗುತ್ತೆ. ಹಿಡ್ಕೊಳ್ತು. ಮೆಲ್ಲಗೆ ಎಳೀತಾರೆ. ಅರ್ಧ ಬಂತು. ಅಷ್ಟರಲ್ಲಿ ಹಗ್ಗದ ಒಂದು ಎಳೆ ಟಪ್ ಅಂತು. ಗೇಟು ಕಿರ್ರ್ ಅಂತು. ತಮ್ಮ ತಿರುಗಿ ನೋಡ್ತಾನೆ, ಗೇಟಲ್ಲಿ...”

ಸೀಟಪ್ಪ ನಿಂತುಬಿಟ್ಟ. ಅದು ಜಾಣತನವಲ್ಲ, ನೆನೆಸಿಕೊಂಡೇ ಅವನ ಎರಡೂ ಕೈ ಮತ್ತೆ ಇಲ್ಲದ ಸೀಟಿನ ಅಂಚು ಹುಡುಕುತ್ತಿದ್ದವು.

“ಗೇಟಲ್ಲಿ ಯಾರು?” ಎಂದರು ಮ್ಯಾನೇಜರು.

“ಇಂಟರ್ವಲ್ ಅಲ್ಲೇ ಬಿಡ್ತು,” ಎಂದ ವಿಮರ್ಶಕ. ಅವನ ದನಿ ಒಂಥರಾ ಆಗಿತ್ತು. “ನಾನು ಅಲ್ಲೇ ಎದ್ದು ಬಂದೆ. ಯಾರು ಸೀಟಪ್ಪ? ಅಮ್ಮಾನಾ, ಪಕ್ಕದ ಮನೆಯವಳಾ?”

ಸೀಟಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಅವನ ತೋಳು ಹಿಡಿದು ಹಿಂದಕ್ಕೆಳೆದಳು. “ಹೇಳ್ಬೇಡಿ!” ಎಂದವಳು ಮೂವರ ಕಡೆಗೂ ತಿರುಗಿದಳು. “ಇಷ್ಟು ಬೇಕಾಗಿದ್ರೆ ಒಳಗೆ ಬಂದು ಕೂರ್ಬೇಕಿತ್ತು. ಮಕ್ಕಳು ಕೂತಿರ್ಲಿಲ್ವಾ?”

“ಇವತ್ತಿಗೆ ಆಟ ಮುಗೀತಲ್ಲಮ್ಮಾ,” ಎಂದರು ಮ್ಯಾನೇಜರು ದೀನರಾಗಿ.

“ನಾಳೆ ಹಾಕಿ.”

“ನಾಳೆ ಕರಡಿ...” ಮ್ಯಾನೇಜರು ಕೈಲಿದ್ದ ಸುರುಳಿ ನೋಡಿದರು. ಬಕೆಟ್ಟು ತೆಗೆದವಳನ್ನು ನೋಡಿದರು. ಅವಳೀಗ ಎರಡೂ ಕೈಯಲ್ಲಿ ಕಂಬ ಹಿಡಿದಿದ್ದಳು. “ಬಕೆಟ್ಟು ಬಂತಾ ಇಲ್ವಾ ಅಂತಾದ್ರೂ ಹೇಳಿ ಸೀಟಪ್ಪ. ಬರೀ ತಲೆ ಆಡಿಸಿ ಸಾಕು.”

ಸೀಟಪ್ಪನ ತಲೆಯನ್ನು ಹೆಂಡತಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು.

ಶುಕ್ರವಾರ ಮೂರು ಗಂಟೆಗೆ ‘ಬಕೆಟ್ಟು’ ಎರಡನೇ ವಾರಕ್ಕೆ ಕಾಲಿಟ್ಟಿತು. ಹಲಗೆಯ ಮೇಲೆ ನಕ್ಷತ್ರವೂ ಇಲ್ಲ ಸೊನ್ನೆಯೂ ಇಲ್ಲ, ‘ಗೇಟಲ್ಲಿ ಯಾರು?’ ಎಂದು ಮ್ಯಾನೇಜರು ಸ್ವತಃ ಬರೆದಿದ್ದರು. ಪಕ್ಕದ ಮನೆಯಾಕೆ ಅಳಿಯನನ್ನೂ ಕರೆದುಕೊಂಡು ಬಂದಳು. ವಿಮರ್ಶಕ ಇಂಟರ್ವಲ್ಲಾದರೂ ಏಳಬಾರದೆಂದು ಸಾಲಿನ ನಟ್ಟನಡುವೆ ಕೂತ. ಅಧಿಕಾರಿಗೆ ಸಿಕ್ಕಿದ್ದು ಎರಡು ಜಡೆಯ ಹುಡುಗಿಯ ಪಕ್ಕದ ಸೀಟು. ಅವಳು ಮೂರನೇ ಸಲ ಬಂದಿದ್ದಳು. ಮಕ್ಕಳು ಬಾವಿಕಟ್ಟೆಗೆ ಬಗ್ಗಿದಾಗ ಅಧಿಕಾರಿ ಫೈಲು ತೆರೆದು, “ಇದಕ್ಕೆ ಎಚ್ಚರಿಕೆಯ ಚೀಟಿ ಬೇಕಾಗುತ್ತೆ, ದೊಡ್ಡವರ ಸಮಕ್ಷಮ...” ಎಂದು ಶುರುಮಾಡಿದರು.

“ಸುಮ್ನಿರಿ ಮಾಮ,” ಎಂದಳು ಹುಡುಗಿ. “ಹಗ್ಗ ಜಾರ್ತಿದೆ.”

ಅಧಿಕಾರಿ ಕನ್ನಡಕ ಬದಲಾಯಿಸುವುದನ್ನೂ ಮರೆತು ಸುಮ್ಮನಾದರು.

ಬಕೆಟ್ಟು ತೆಗೆದವಳು ಹಾಲಿನ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಕತ್ತಲಲ್ಲಿ ಅವಳಿಗೆ ತಲೆಗಳಷ್ಟೇ ಕಾಣುತ್ತಿದ್ದವು, ಅವು ಏನು ಯೋಚಿಸುತ್ತಿವೆ ಎಂದು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಸೂಜಿ ದಾರ ಹಿಡಿದು ಸೀಟಪ್ಪ ನಿಂತಿದ್ದ. ನಾಲ್ಕು ವರ್ಷದ ಹೆದರಿಕೆ ತಡೆಯಲಾರದೆ ಅವಳು ಅವನ ಕಡೆ ಬಗ್ಗಿ ಪಿಸುಗುಟ್ಟಿದಳು.

“ಹೇಗನ್ಸುತ್ತೆ ನಿಮಗೆ? ಅವರಿಗೆ ಇಷ್ಟ ಆಗ್ತಿದ್ಯಾ?”

“ಶ್!” ಎಂದ ಸೀಟಪ್ಪ, ಪರದೆಯಿಂದ ಕಣ್ಣು ಕೀಳದೆ. “ಸ್ವಲ್ಪ ಸುಮ್ನಿರಮ್ಮಾ ತಾಯಿ, ಬಕೆಟ್ಟು ಬೀಳುತ್ತೆ.”

ನಾಲ್ಕು ವರ್ಷದಲ್ಲಿ ಅವಳಿಗೆ ಅಷ್ಟು ಸಂತೋಷ ಕೊಟ್ಟ ಮಾತನ್ನು ಬೇರೆ ಯಾರೂ ಆಡಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಅವನ ಜೊತೆ ಪರದೆ ನೋಡತೊಡಗಿದಳು.